ಬ್ರೋಚಿನ ಬೆನ್ನು

ನಮ್ಮಜ್ಜಿ ಕಸೂತಿ ಸೀರೆ ನೋಡುವಾಗ ಮೊದಲು ಸೆರಗಿನ ಹಿಂಬದಿ ತಿರುವುತ್ತಿದ್ದರು. ಧಾರವಾಡದ ಕಡೆಯ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಗಂಟು ಕಾಣಬಾರದು, ದಾರ ಜೋತಾಡಬಾರದು. "ಹಿಂದ ತಿರುವಿ ನೋಡವಾ, ಕೈ ಎಂಥಾದ್ದು ಅಂತ ಅಲ್ಲೇ ಗೊತ್ತಾಗ್ತೈತಿ" ಅನ್ನುತ್ತಿದ್ದರು. ಆ ಅಭ್ಯಾಸ ನನಗೂ ಅಂಟಿಕೊಂಡಿದೆ. ಅಂಗಡಿಯಲ್ಲಿ ಸೀರೆ ತೋರಿಸಿದರೆ ಕೈ ತಾನಾಗಿ ಬಟ್ಟೆಯ ಒಳಬದಿಗೆ ಹೋಗುತ್ತದೆ.

ಕೆಲವು ವರ್ಷದ ಹಿಂದೆ ತಮ್ಮನ ಮನೆಗೆಂದು ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನ 41ನೇ ಕೋಣೆಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದೆ. ಆ್ಯಂಗ್ಲೋ-ಸ್ಯಾಕ್ಸನ್ನರ ಕಾಲದ ಬ್ರೋಚು (ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ), ಬಕಲ್ಲು, ಕೊಕ್ಕೆ, ಪಿನ್ನುಗಳು ಗಾಜಿನ ಹಿಂದೆ ಸಾಲಾಗಿದ್ದವು. ರೋಮನ್ನರು ಬ್ರಿಟನ್ ಬಿಟ್ಟ ಮೇಲೆ, 5ನೇ ಶತಮಾನದಲ್ಲಿ, ಈಗಿನ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಸಮುದ್ರ ದಾಟಿ ಬಂದವರು, ಅವರ ಜೊತೆ ಬೆರೆತ ಅಲ್ಲಿನ ಜನ, ಅವರೆಲ್ಲರ ಮಕ್ಕಳು ಮೊಮ್ಮಕ್ಕಳು 1066ರವರೆಗೆ ಉಟ್ಟ ಬಟ್ಟೆಯ ಲೋಹದ ಭಾಗಗಳು ಇವು. ಮುಂಬದಿ ಎಷ್ಟು ಚೆನ್ನಾಗಿತ್ತೆಂದರೆ ಕಣ್ಣು ಕೀಳಲು ಆಗಲಿಲ್ಲ. ಆದರೂ ಮನಸ್ಸು ಒಂದೇ ಸಮನೆ ಕೇಳುತ್ತಿತ್ತು: ಹಿಂದೆ ಏನಿದೆ?

ಊರಿಗೆ ಬಂದ ಮೇಲೆ ಅದನ್ನೇ ಹುಡುಕುತ್ತಾ ಹೋದೆ. ಪುಸ್ತಕ, ಉತ್ಖನನದ ವರದಿ, ಮ್ಯೂಸಿಯಮ್ಮುಗಳ ಫೋಟೋ. ನಾನು ನೋಡಬೇಕೆಂದಿದ್ದ ಜನ ಸಿಕ್ಕಿದ್ದು ಆ ಹಿಂಬದಿಗಳಲ್ಲಿ.

ಮೊದಲು ಈ ವಸ್ತುಗಳು ಯಾಕೆ ಬೇಕಿತ್ತು ಅಂತ ಹೇಳಬೇಕು. ಗುಂಡಿ ಹಾಕಿ, ಕಾಜಾ ಹೊಲಿದು ಬಟ್ಟೆ ಮುಚ್ಚುವ ರೂಢಿ ಯುರೋಪಿನಲ್ಲಿ ಚೆನ್ನಾಗಿ ಬೆಳೆದದ್ದು 13–14ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಮೈಮೇಲೆ ಬಟ್ಟೆ ನಿಲ್ಲಬೇಕಾದರೆ ಕಟ್ಟಬೇಕು, ಸಿಕ್ಕಿಸಬೇಕು, ಇಲ್ಲವೇ ಚುಚ್ಚಬೇಕು. 6ನೇ ಶತಮಾನದ ಪೂರ್ವ ಇಂಗ್ಲೆಂಡಿನ ಒಬ್ಬ ಹೆಂಗಸು ಬೆಳಗ್ಗೆ ಎದ್ದು ಬಟ್ಟೆ ಹಾಕಿಕೊಳ್ಳುವುದನ್ನು ನೆನೆಸಿಕೊಳ್ಳಿ. ಒಳಗೆ ಉದ್ದ ತೋಳಿನ ನಾರುಬಟ್ಟೆಯ ಅಂಗಿ. ಅದರ ಮೇಲೆ ಉಣ್ಣೆಯ ಬಟ್ಟೆ, ಕೊಳವೆಯ ಹಾಗೆ ಸುತ್ತ ಹೊಲಿದದ್ದು. ಅದನ್ನು ಕಂಕುಳ ತನಕ ಎಳೆದುಕೊಂಡು, ಹಿಂದಿನ ಅಂಚು ಮುಂದಿನ ಅಂಚು ಸೇರಿಸಿ, ಎರಡೂ ಭುಜದ ಹತ್ತಿರ ಒಂದೊಂದು ಬ್ರೋಚ್ ಚುಚ್ಚಬೇಕು. ಎರಡು ಬ್ರೋಚಿನ ನಡುವೆ ಅಂಬರ್ ಮತ್ತು ಗಾಜಿನ ಮಣಿಸರ. ಸೊಂಟಕ್ಕೆ ಪಟ್ಟಿ, ಅದಕ್ಕೆ ಬಕಲ್, ಪಟ್ಟಿಯಿಂದ ಜೋತುಬಿದ್ದ ಚಾಕು. ಚಳಿಗೆ ಮೇಲೊಂದು ಹೊದಿಕೆ, ಅದಕ್ಕೆ ಮೂರನೆಯ ಬ್ರೋಚ್. ತೋಳಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಕಡೆ ಕೊಕ್ಕೆ ಇನ್ನೊಂದು ಕಡೆ ತೂತು ಇರುವ ಪುಟ್ಟ ಲೋಹದ ಜೋಡಿ. ಮಣಿಕಟ್ಟಿನ ಈ ಕೊಕ್ಕೆಗಳು ಸ್ಕ್ಯಾಂಡಿನೇವಿಯಾದಿಂದ ಬಂದ ರೂಢಿ. ಪೂರ್ವ ಆ್ಯಂಗ್ಲಿಯಾ, ಲಿಂಕನ್‌ಶೈರ್, ಯಾರ್ಕ್‌ಶೈರ್ ಕಡೆ ಜಾಸ್ತಿ ಸಿಗುತ್ತವೆ.

ಬಟ್ಟೆ ಮಣ್ಣಾಗಿದೆ. ಹಾಗಾದರೆ ಇಷ್ಟು ವಿವರ ಹೇಗೆ ಗೊತ್ತು? ಅವರು ಸತ್ತವರನ್ನು ಉಡುಪಿನ ಸಮೇತ ಹೂಳುತ್ತಿದ್ದರು. ಎಲುಬಿನ ಮೇಲೆ ಬ್ರೋಚು ಎಲ್ಲಿ ಕೂತಿದೆಯೋ ಅಲ್ಲಿ ಬಟ್ಟೆಯ ಅಂಚು ಇತ್ತು ಅಂತ ಲೆಕ್ಕ. ಭುಜದ ಮೂಳೆಯ ಹತ್ತಿರ ಎರಡು, ಎದೆಯ ನಡುವೆ ಒಂದು, ಮಣಿಕಟ್ಟಿನಲ್ಲಿ ಎರಡು ಜೋಡಿ. ಬಟ್ಟೆ ಮಾಯವಾದರೂ ಅದನ್ನು ಹಿಡಿದಿದ್ದ ಬೆರಳುಗಳು ಅಲ್ಲೇ ಉಳಿದ ಹಾಗೆ.

ಬ್ರೋಚಿನ ಆಕಾರ ಊರಿಂದ ಊರಿಗೆ ಬೇರೆ. ಥೇಮ್ಸ್ ನದಿಯ ಬಯಲಿನಲ್ಲಿ ಪುಟ್ಟ ತಟ್ಟೆಯ ಹಾಗೆ ಅಂಚು ಎದ್ದಿರುವ ದುಂಡು ಬ್ರೋಚು. ಪೂರ್ವಕ್ಕೆ, ಉತ್ತರಕ್ಕೆ ಶಿಲುಬೆಯಂತಹ ತಲೆ, ಕೆಳಗೆ ಕುದುರೆ ಮೂತಿ ಇರುವ ಉದ್ದ ಬ್ರೋಚು. ಕೆಂಟ್ ಪ್ರಾಂತದಲ್ಲಿ ಕೆಂಪು ಹರಳಿನ ಕೆಲಸ. ಯಾರು ಯಾವ ಸೀಮೆಯವರು ಅಂತ ಭುಜ ನೋಡಿ ಹೇಳಬಹುದಿತ್ತೇನೋ.

ಇವುಗಳ ಮೇಲಿನ ಚಿತ್ತಾರ ಮೊದಲ ನೋಟಕ್ಕೆ ಏನೂ ಅರ್ಥ ಆಗುವುದಿಲ್ಲ. ನನಗಂತೂ ಮುದುಡಿದ ಕಾಗದದ ಹಾಗೆ ಕಂಡಿತು. ತುಂಬಾ ಹೊತ್ತು ನೋಡಿದ ಮೇಲೆ ಒಂದು ಕಣ್ಣು ಸಿಕ್ಕಿತು. ಕಣ್ಣು ಸಿಕ್ಕಮೇಲೆ ಹುಬ್ಬು, ಹುಬ್ಬಿನಿಂದ ದವಡೆ, ಆಮೇಲೆ ಎಲ್ಲೋ ದೂರದಲ್ಲಿ ಒಂದು ತೊಡೆ, ಮೂರು ಬೆರಳಿನ ಪಾದ. ಪ್ರಾಣಿಯನ್ನು ತುಂಡು ತುಂಡು ಮಾಡಿ, ಜಾಗ ಇದ್ದಲ್ಲೆಲ್ಲ ತುಂಬಿದ್ದಾರೆ. 1904ರಲ್ಲಿ ಸ್ವೀಡನ್ನಿನ ವಿದ್ವಾಂಸ ಬರ್ನ್‌ಹಾರ್ಡ್ ಸಾಲಿನ್ ಈ ಶೈಲಿಗೆ 'ಒಂದನೆಯ ಶೈಲಿ' ಅಂತ ಹೆಸರಿಟ್ಟರು. 6ನೇ ಶತಮಾನದ ಕೊನೆಯ ಹೊತ್ತಿಗೆ ಪ್ರಾಣಿಯ ಮೈ ಉದ್ದ ರಿಬ್ಬನ್ನಿನಂತೆ ಎಳೆದುಕೊಂಡು, ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಅದು 'ಎರಡನೆಯ ಶೈಲಿ'. ಅದನ್ನು ಓದುವುದು ಸ್ವಲ್ಪ ಸುಲಭ. ರಂಗೋಲಿಯ ಎಳೆ ಹಿಡಿದು ಹೋದ ಹಾಗೆ ಬಾಲದಿಂದ ಶುರು ಮಾಡಿ ಬಾಯಿಯ ತನಕ ಹೋಗಬಹುದು. ನನಗೆ ಮಾತ್ರ ಒಂದನೆಯದೇ ಇಷ್ಟ. ಅದರಲ್ಲಿ ಪ್ರಾಣಿ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಆ ಕಾಲದಲ್ಲಿ ಎದುರು ನಿಂತು ಮಾತಾಡುವವರು ಅವಳ ಭುಜದ ಮೇಲೆ ಕಣ್ಣಿಟ್ಟು ಆ ಪ್ರಾಣಿಯನ್ನು ಹುಡುಕಿರಬೇಕು ಅಲ್ವಾ?

ಈಗ ಬೆನ್ನಿಗೆ ಬರುತ್ತೇನೆ.

ಬ್ರೋಚಿನ ಮೈ ತಾಮ್ರದ ಮಿಶ್ರಲೋಹ. ಆದರೆ ಹಿಂದಿನ ಪಿನ್ನು ಎಷ್ಟೋ ಸಲ ಕಬ್ಬಿಣದ್ದು. ಮಣ್ಣಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರ ಕಿಲುಬುತ್ತದೆ. ಮ್ಯೂಸಿಯಮ್ಮಿನವರು ಆ ತುಕ್ಕನ್ನು ಒಂದು ಕಾಲದಲ್ಲಿ ಚೆನ್ನಾಗಿ ಕೆರೆದು ತೆಗೆಯುತ್ತಿದ್ದರು. ಈಗ ತೆಗೆಯುವುದಿಲ್ಲ. ಏಕೆಂದರೆ ಬಟ್ಟೆ ಉಳಿದಿರುವುದೇ ಆ ತುಕ್ಕಿನಲ್ಲಿ. ಲೋಹ ಕರಗಿ ಬರುವ ಉಪ್ಪು ಪಕ್ಕದ ನೂಲಿನೊಳಗೆ ಇಳಿಯುತ್ತದೆ. ತಾಮ್ರದ ಉಪ್ಪು ಕೊಳೆಸುವ ಜೀವಿಗಳನ್ನು ಹತ್ತಿರ ಬಿಡುವುದಿಲ್ಲ. ಕಬ್ಬಿಣದ ತುಕ್ಕು ಎಳೆಯ ಸುತ್ತ ಗಟ್ಟಿಯಾಗಿ ಕೂತು ಅಚ್ಚು ತೆಗೆದ ಹಾಗೆ ಅದರ ಆಕಾರ ಹಿಡಿದಿಡುತ್ತದೆ. ಎಳೆ ಹೋದರೂ ಎಳೆಯ ರೂಪ ಕಲ್ಲಿನಂತೆ ಉಳಿಯುತ್ತದೆ. ಉಗುರಿನಷ್ಟು ಜಾಗ, ಕೆಲವೊಮ್ಮೆ ಅದಕ್ಕಿಂತ ಕಡಿಮೆ.

ಅಷ್ಟು ಸಾಕು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನೂಲನ್ನು ಬಲಕ್ಕೆ ಹುರಿ ಮಾಡಿದ್ದಾರೋ ಎಡಕ್ಕೋ ಗೊತ್ತಾಗುತ್ತದೆ. ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಅಂತ ಎಣಿಸಬಹುದು. ಸಾದಾ ನೇಯ್ಗೆಯೋ, ಓರೆಗೆರೆ ಬೀಳುವ ಟ್ವಿಲ್ ನೇಯ್ಗೆಯೋ ಹೇಳಬಹುದು. ಪಿನ್ನು ಎಷ್ಟು ಪದರ ಬಟ್ಟೆ ದಾಟಿ ಹೋಗಿದೆ ಅಂತ ನೋಡಿದರೆ ಒಳಗೆ ಏನು, ಹೊರಗೆ ಏನು ಅನ್ನುವುದು ತಿಳಿಯುತ್ತದೆ. ಮಣಿಕಟ್ಟಿನ ಕೊಕ್ಕೆಗಳ ಹಿಂದೆ ಇನ್ನೂ ಒಂದು ಸಿಕ್ಕಿದೆ: ಪುಟ್ಟ ಚೌಕ ಹಲಗೆಗಳನ್ನು ತಿರುಗಿಸುತ್ತಾ ನೇಯ್ದ ಪಟ್ಟಿ. ಹಲಗೆಯ ನಾಲ್ಕು ಮೂಲೆಗೆ ನಾಲ್ಕು ತೂತು, ಒಂದೊಂದರಲ್ಲಿ ಒಂದೊಂದು ದಾರ. ಹಲಗೆ ತಿರುಗಿದಂತೆ ದಾರಗಳು ಹೊಸೆದುಕೊಂಡು ಗಟ್ಟಿ ಪಟ್ಟಿ ಆಗುತ್ತದೆ. ಅಂಥ ಪಟ್ಟಿಯನ್ನು ತೋಳಿನ ಅಂಚಿಗೆ ಹೊಲಿದು, ಅದರ ಮೇಲೆ ಲೋಹದ ಕೊಕ್ಕೆ ಹೊಲಿಯುತ್ತಿದ್ದರು.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲೋಹದ ಕೆಲಸ ಮಾಡಿದವರು ಕಸುಬುದಾರರು, ಸರಿ. ಆದರೆ ಈ ನೂಲು, ಈ ನೇಯ್ಗೆ, ಈ ಪಟ್ಟಿ ಮನೆಯ ಹೆಂಗಸರ ಕೈಯದ್ದು. ಆ ಕಾಲದ ಹೆಂಗಸರ ಸಮಾಧಿಗಳಲ್ಲೇ ನೂಲುವ ಕದಿರಿನ ಬಿಲ್ಲೆ ಸಿಗುತ್ತದೆ. ಅವರ ವರ್ಷಗಟ್ಟಲೆ ದುಡಿಮೆಯಲ್ಲಿ ಈಗ ಉಳಿದಿರುವುದು ಬ್ರೋಚಿನ ಹಿಂದಿನ ತುಕ್ಕಿಗೆ ಅಂಟಿದ ಇಷ್ಟಗಲ ಮಾತ್ರ. ಹಿಂದೆ ಅದೆಷ್ಟು ಬ್ರೋಚುಗಳನ್ನು ಉಜ್ಜಿ ತೊಳೆದು ಫಳಫಳ ಮಾಡಿದರೋ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೆಂಪು ಹರಳಿನ ವಿಷಯಕ್ಕೆ ಬಂದರೆ ಅಲ್ಲಿಯೂ ಕೆಳಗಡೆಯೇ ಗುಟ್ಟು. ಈ ಹರಳು ಗಾರ್ನೆಟ್. ನಮ್ಮ ನವರತ್ನದ ಗೋಮೇಧಿಕವೂ ಗಾರ್ನೆಟ್ ಕುಲದ್ದೇ, ಆದರೆ ಇದು ದಾಳಿಂಬೆ ಬೀಜದ ಬಣ್ಣದ್ದು. ಚಿನ್ನದ ಪಟ್ಟಿ ಬಗ್ಗಿಸಿ ಪುಟ್ಟ ಪುಟ್ಟ ಗೂಡು ಮಾಡುತ್ತಾರೆ. ಗೂಡಿನ ಆಕಾರಕ್ಕೆ ಸರಿಯಾಗಿ ಹರಳನ್ನು ತೆಳ್ಳಗೆ ಕೊಯ್ದು ಕೂರಿಸುತ್ತಾರೆ. ಹಾಗೆ ಸುಮ್ನೆ ಕೂರಿಸಿದರೆ ಹರಳು ಕಪ್ಪಾಗಿ ಕಾಣುತ್ತದೆ. ಅದಕ್ಕೆ ಕೆಳಗೆ ತೆಳು ಚಿನ್ನದ ಹಾಳೆ ಇಡುತ್ತಾರೆ. ಆ ಹಾಳೆಯ ಮೇಲೆ ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಚೌಕಳಿ ಗೆರೆ ಒತ್ತಿರುತ್ತಾರೆ. ಬೆಳಕು ಹರಳಿನೊಳಗೆ ಇಳಿದು, ಚೌಕಳಿಗೆ ಬಡಿದು, ಚೂರು ಚೂರಾಗಿ ವಾಪಸ್ಸು ಬರುತ್ತದೆ. ದೀಪದ ಬೆಳಕಿನಲ್ಲಿ ಮೈ ಅಲುಗಿದರೆ ಕೆಂಡ ಊದಿದ ಹಾಗೆ ಮಿನುಗಿರಬೇಕು.

ಆ ಹರಳುಗಳು ಎಲ್ಲಿಯವು? ಅವುಗಳಲ್ಲಿರುವ ಧಾತುಗಳ ಪ್ರಮಾಣ ಅಳೆದು, ಒಳಗೆ ಸಿಕ್ಕಿಕೊಂಡ ಸಣ್ಣ ಖನಿಜದ ಕಣಗಳನ್ನು ನೋಡಿ ವಿಜ್ಞಾನಿಗಳು ಮೂಲ ಪತ್ತೆ ಹಚ್ಚುತ್ತಿದ್ದಾರೆ. ಆ ಕಾಲದ ಯುರೋಪಿನ ಆಭರಣಗಳ ಗಾರ್ನೆಟ್ಟಿನಲ್ಲಿ ಒಂದು ದೊಡ್ಡ ಪಾಲು ಭಾರತ ಮತ್ತು ಶ್ರೀಲಂಕಾದ್ದು. ಆಮೇಲೆ ಬರಬರುತ್ತಾ ಈಗಿನ ಚೆಕ್ ದೇಶದ ಬೊಹೀಮಿಯಾ ಕಡೆಯ ಸಣ್ಣ ಹರಳುಗಳು ಹೆಚ್ಚುತ್ತವೆ. ಇಲ್ಲಿಂದ ಹಡಗು ಹತ್ತಿದ ಕೆಂಪು ಕಲ್ಲು ಕೆಂಟಿನ ಹೆಂಗಸಿನ ಎದೆಯ ಮೇಲೆ ಕೂತಿತ್ತು. ನಡುವೆ ಕೈ ಬದಲಿಸಿದ ವ್ಯಾಪಾರಿಗಳಲ್ಲಿ ಆ ಎರಡೂ ತುದಿ ನೋಡಿದವನು ಒಬ್ಬನೂ ಇರಲಾರ. ಈ ಸಂಗತಿ ಗೊತ್ತಾದ ಮೇಲೆ ಆ ಗಾಜಿನ ಪೆಟ್ಟಿಗೆಯ ಮುಂದೆ ನಾನು ನಿಲ್ಲುವ ರೀತಿಯೇ ಬದಲಾಗಿದೆ. ಎರಡನೆಯ ಸಲ ಹೋದಾಗ ಅಲ್ಲಿ ನನ್ನ ಪರಿಚಯದವರು ಯಾರೋ ಇದ್ದ ಹಾಗೆ ಅನಿಸಿತು.

ಗಾರ್ನೆಟ್ ಕೆಲಸದ ತುತ್ತತುದಿ ನೋಡಬೇಕಾದರೆ ಸಟನ್ ಹೂ. ಸಫೋಕ್ ಪ್ರಾಂತದಲ್ಲಿ ಎಡಿತ್ ಪ್ರೆಟಿ ಅನ್ನುವವರ ಜಮೀನಿನಲ್ಲಿ ಇದ್ದ ಮಣ್ಣಿನ ದಿಬ್ಬ. 1939ರಲ್ಲಿ ಬೇಸಿಲ್ ಬ್ರೌನ್ ಅಗೆದಾಗ 27 ಮೀಟರ್ ಉದ್ದದ ಹಡಗಿನ ಅಚ್ಚು, ಅದರ ನಡುವೆ ಒಬ್ಬ ರಾಜನ ಸಮಾಧಿ ಸಿಕ್ಕಿತು. ಅದು 625ರ ಸುಮಾರಿಗೆ ತೀರಿಕೊಂಡ ಪೂರ್ವ ಆ್ಯಂಗ್ಲಿಯಾದ ರಾಜ ರೆಡ್ವಾಲ್ಡನದ್ದು ಅಂತ ಹೆಚ್ಚಿನವರ ಅಭಿಪ್ರಾಯ. ಅಲ್ಲಿನ ಭುಜದ ಕೊಂಡಿಗಳ ಮೇಲೆ ಕಾಡುಹಂದಿಗಳ ಚಿತ್ತಾರ ಇದೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಮನಸ್ಸು ನಿಂತದ್ದು ಚಿನ್ನದ ದೊಡ್ಡ ಬಕಲ್ಲಿನ ಮೇಲೆ. ಉದ್ದ 13 ಸೆಂಟಿಮೀಟರ್, ತೂಕ 412.7 ಗ್ರಾಂ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ 35 ತೊಲ. ಅದರಲ್ಲಿ ಹರಳೇ ಇಲ್ಲ. ಬರೀ ಚಿನ್ನ, ಅದರ ಮೇಲೆ ಹೆಣೆದುಕೊಂಡ 13 ಜೀವಿಗಳು, ನಡುನಡುವೆ ಗೆರೆ ಎದ್ದು ಕಾಣಲೆಂದು ತುಂಬಿದ ಕಪ್ಪು.

ಬಕಲ್ಲನ್ನು ತಿರುಗಿಸಿದರೆ ಬೆನ್ನು ಬಾಗಿಲಿನ ಹಾಗೆ ತೆರೆಯುತ್ತದೆ! ಒಳಗೆ ಟೊಳ್ಳು. ಮುಂದೆ ಕಾಣುವ ಮೂರು ದುಂಡನೆಯ ಉಬ್ಬುಗಳ ಹಿಂದೆ ಮೂರು ಜಾರುವ ಚಿಲಕ ಇದ್ದು, ಆ ಬಾಗಿಲನ್ನು ಭದ್ರ ಮಾಡುತ್ತವೆ. ಅದರೊಳಗೆ ಪವಿತ್ರ ಅನಿಸಿದ್ದು ಏನಾದರೂ ಇಟ್ಟುಕೊಳ್ಳುತ್ತಿದ್ದರೇ ಅಂತ ಕೆಲವರು ಯೋಚಿಸಿದ್ದಾರೆ. ಚಿಲಕ ಇರುವುದಂತೂ ನಿಜ. ಸೊಂಟದ ಮೇಲೆ, ಹೊಟ್ಟೆಗೆ ತಾಗುವ ಬದಿಯಲ್ಲಿ, ಬೇರೆ ಯಾರಿಗೂ ಕಾಣದ ಬಾಗಿಲು.

ಬೆಲ್ಟು ಅಂದರೆ ಆ ಜನಕ್ಕೆ ಏನಾಗಿತ್ತು ಅನ್ನುವುದಕ್ಕೆ ಕೆಂಟಿನ ಫಿಂಗಲ್‌ಶಮ್ಮಿನ ಒಂದು ಸಮಾಧಿಯಲ್ಲಿ ಸಿಕ್ಕ ಚಿನ್ನದ ನೀರು ಕೊಟ್ಟ ಬಕಲ್ ನೋಡಬೇಕು. ಅದರ ಮೇಲೆ ಒಬ್ಬ ಗಂಡಸಿನ ಚಿತ್ರ ಇದೆ. ತಲೆಗೆ ಕೊಂಬಿನ ಶಿರಸ್ತ್ರಾಣ, ಎರಡೂ ಕೈಯಲ್ಲಿ ಈಟಿ. ಮೈಮೇಲೆ ಒಂದು ಎಳೆ ಬಟ್ಟೆ ಇಲ್ಲ. ಸೊಂಟಕ್ಕೆ ಮಾತ್ರ ಬೆಲ್ಟು ಇದೆ.

ಈಗ ಲೂಡಾನ ಕಥೆ. ಈ ಇಡೀ ಬರಹ ಶುರುವಾದದ್ದು ಅವನಿಂದಲೇ.

ನಾರ್ಫೋಕಿನಲ್ಲಿ, ನಾರಿಚ್ ಪಟ್ಟಣದ ಹತ್ತಿರ ಹಾರ್ಫರ್ಡ್ ಫಾರ್ಮ್ ಅನ್ನುವ ಜಾಗ. 1990ರಲ್ಲಿ ಅಲ್ಲಿ ಉತ್ಖನನ ನಡೆದಾಗ 7ನೇ ಶತಮಾನದ ಸಮಾಧಿಯೊಂದರಲ್ಲಿ ದುಂಡನೆಯ ಬ್ರೋಚ್ ಸಿಕ್ಕಿತು. ಚಿನ್ನ, ಬೆಳ್ಳಿ, ಗಾರ್ನೆಟ್ ಸೇರಿದ್ದು. ಕೆಲಸದ ರೀತಿ ಕೆಂಟಿನದ್ದು. ಅಂದರೆ ಬಹುಶಃ ಅಲ್ಲಿ ಮಾಡಿದ್ದು ಇಲ್ಲಿಗೆ ಬಂದಿದೆ. ಮಣ್ಣಿಗೆ ಹೋಗುವ ಹೊತ್ತಿಗೆ ಅದು ಹಳೆಯ ಒಡವೆ. ಮಧ್ಯೆ ಯಾವಾಗಲೋ ಪೆಟ್ಟಾಗಿ ಅದನ್ನು ರಿಪೇರಿ ಮಾಡಿಸಿದ್ದಾರೆ. ಆ ರಿಪೇರಿಯ ಗುರುತು ಕಣ್ಣಿಗೆ ಕಾಣುತ್ತದೆ.

ಬೆನ್ನಿನ ಮೇಲೆ ರೂನ್ ಲಿಪಿಯಲ್ಲಿ ಒಂದು ಸಾಲು ಗೀಚಿದೆ. ರೂನ್ ಅಂದರೆ ಅವರ ಹಳೆಯ ಅಕ್ಷರಗಳು. ಲೋಹ, ಮರ, ಎಲುಬಿನ ಮೇಲೆ ಕೊರೆಯಲು ಅನುಕೂಲವಾದ ನೆಟ್ಟಗಿನ ಗೆರೆಗಳು. ಓದಿದರೆ: ಲೂಡಾ ಗಿಬೋಟೆ ಸಿಗಿಲೆ. ಅರ್ಥ: ಲೂಡಾ ಬ್ರೋಚನ್ನು ಸರಿ ಮಾಡಿದ.

ಅಷ್ಟೇ. ಮಾಡಿದವನ ಹೆಸರಿಲ್ಲ. ಮಾಡಿಸಿದ ಸಾಹುಕಾರನ ಹೆಸರಿಲ್ಲ. ತೊಟ್ಟವಳ ಹೆಸರೂ ಇಲ್ಲ. ರಿಪೇರಿ ಮಾಡಿದವನ ಹೆಸರು ಇದೆ. 'ಗಿಬೋಟೆ' ಅನ್ನುವ ಕ್ರಿಯಾಪದ ಇಂಗ್ಲಿಷಿನ 'ಬೆಟರ್' ಪದದ ದಾಯಾದಿ. ಕೆಟ್ಟದ್ದನ್ನು ಒಳ್ಳೆಯದು ಮಾಡು ಅಂತ. ನಾವೂ ರಿಪೇರಿಗೆ 'ಸರಿ ಮಾಡು' ಅಂತಲೇ ಹೇಳುತ್ತೇವೆ. ಕೆಟ್ಟ ಮಿಕ್ಸರಿಗೂ ಅದೇ ಮಾತು, ಮುನಿಸಿಕೊಂಡ ಸಂಬಂಧಕ್ಕೂ ಅದೇ ಮಾತು. ಲೂಡಾನ ಸಾಲನ್ನು ಕನ್ನಡಕ್ಕೆ ತರಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ನಮ್ಮಜ್ಜಿಯ ಒಂದು ಜೊತೆ ಬುಗುಡಿ ನನ್ನ ಹತ್ತಿರ ಇದೆ. ಒಂದರ ತಿರುಪಿನ ಹತ್ತಿರ ಬೆಸುಗೆಯ ಉಬ್ಬು ಇದೆ. ಯಾವ ಅಕ್ಕಸಾಲಿಗರು ಹಾಕಿದರೋ. ಅಜ್ಜಿ ಬದುಕಿದ್ದಾಗ ಕೇಳಬಹುದಿತ್ತು, ಕೇಳಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ. ಕೈಯಲ್ಲಿ ಹಿಡಿದಾಗಲೆಲ್ಲ ಬೆರಳು ಆ ಉಬ್ಬಿನ ಮೇಲೇ ಹೋಗುತ್ತದೆ. ಅದಕ್ಕೇ ಲೂಡಾ ನನಗೆ ರೆಡ್ವಾಲ್ಡ್ ರಾಜನಿಗಿಂತ ಹತ್ತಿರದವನು. ಸುಮಾರು 1,300 ವರ್ಷದ ಹಿಂದೆ ಒಬ್ಬ ಕೆಲಸಗಾರ ಪುಟ್ಟ ಒಡವೆಯನ್ನು ಬೋರಲು ಹಾಕಿಕೊಂಡು, ಕೆಲಸ ಮುಗಿದ ಮೇಲೆ, ಚೂಪಾದ ಮೊನೆಯಿಂದ ತನ್ನ ಹೆಸರು ಕೊರೆದ. ತೊಟ್ಟವಳಿಗೆ ಅದು ಗೊತ್ತಿದ್ದಿರಬೇಕು. ಬಟ್ಟೆಗೆ ತಾಗುವ ಬದಿ ಅದು, ನೋಡುವವರಿಗೆ ಕಾಣುವುದಿಲ್ಲ. ಬ್ರೋಚ್ ತೊಟ್ಟ ದಿನವೆಲ್ಲ ಲೂಡಾನ ಹೆಸರು ಅವಳ ಎದೆಯ ಮೇಲೆ ಮುಖ ಒಳಗೆ ಮಾಡಿ ಕೂತಿರುತ್ತಿತ್ತು. ಈಗ ಅದು ನಾರಿಚ್ ಕ್ಯಾಸಲ್ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿಗೆ ಇನ್ನೂ ಹೋಗಿಲ್ಲ. ಹೋಗಬೇಕು.

7ನೇ ಶತಮಾನದ ಕೊನೆಗೆ, 8ರ ಶುರುವಿಗೆ ಒಂದು ದೊಡ್ಡ ಬದಲಾವಣೆ ಆಗುತ್ತದೆ. 597ರಲ್ಲಿ ಸಂತ ಅಗಸ್ಟಿನ್ ಕೆಂಟಿಗೆ ಬಂದ ಮೇಲೆ ಕ್ರೈಸ್ತ ಧರ್ಮ ಹರಡಿತ್ತು. ನಿಧಾನವಾಗಿ ಸತ್ತವರ ಜೊತೆ ಒಡವೆ ವಸ್ತು ಹೂಳುವುದು ನಿಂತಿತು. ಅಲ್ಲಿಂದಾಚೆ ಸಮಾಧಿಗಳಲ್ಲಿ ಬ್ರೋಚು ಬಕಲ್ಲು ಸಿಗುವುದು ಅಪರೂಪ. ಹಾಗಾದರೆ 9ನೇ ಶತಮಾನದವರು ಏನು ತೊಡುತ್ತಿದ್ದರು ಅಂತ ತಿಳಿಯುವುದು ಹೇಗೆ? ಅವರು ಕಳೆದುಕೊಂಡ ವಸ್ತುಗಳಿಂದ.

ಕಳೆದುಕೊಂಡದ್ದರಲ್ಲಿ ಜಾಸ್ತಿ ಸಿಗುವುದು ಸ್ಟ್ರಾಪ್-ಎಂಡ್. ಪಟ್ಟಿಯ ತುದಿಗೆ ಹಾಕುವ ಲೋಹದ ಮೂತಿ ಅದು. ಶೂ ಲೇಸಿನ ತುದಿಯಲ್ಲಿ ಎಳೆ ಬಿಚ್ಚದ ಹಾಗೆ ಪ್ಲಾಸ್ಟಿಕ್ ಹಾಕಿರುತ್ತಾರಲ್ಲ, ಅದರ ಕೆಲಸವೇ ಇದರದ್ದೂ. ಬೆರಳಿನಷ್ಟು ಉದ್ದ, ನಾಲಗೆಯ ಆಕಾರ. ಮೇಲಿನ ತುದಿ ಸೀಳಿರುತ್ತದೆ. ಆ ಸೀಳಿನಲ್ಲಿ ಚರ್ಮದ್ದೋ ಬಟ್ಟೆಯದ್ದೋ ಪಟ್ಟಿ ತೂರಿಸಿ, ಸಾಮಾನ್ಯವಾಗಿ ಎರಡು ರಿವೆಟ್ ಹೊಡೆಯುತ್ತಾರೆ. ಕೆಳತುದಿಯಲ್ಲಿ ಮೇಲಿಂದ ನೋಡಿದ ಹಾಗೆ ಒಂದು ಪ್ರಾಣಿಯ ತಲೆ: ಎರಡು ದುಂಡು ಕಿವಿ, ಎರಡು ಕಣ್ಣು, ಮೊಂಡು ಮೂತಿ. ನಡೆಯುವಾಗ ಅದು ತೊಡೆಗೆ ಬಡಿಯುತ್ತಾ ತೂಗಾಡುತ್ತದೆ. ಪಟ್ಟಿ ಸವೆಯುತ್ತದೆ, ರಿವೆಟ್ ಸಡಿಲವಾಗುತ್ತದೆ. ಒಂದು ದಿನ ಹೊಲದಲ್ಲೋ ಸಂತೆಯಲ್ಲೋ ಜಾರಿ ಬೀಳುತ್ತದೆ.

ಇವುಗಳ ಮೇಲಿನ ಚಿತ್ತಾರಕ್ಕೆ ಟ್ರೆವಿಡಲ್ ಶೈಲಿ ಅಂತ ಹೆಸರು. ಕಾರ್ನ್‌ವಾಲಿನ ಟ್ರೆವಿಡಲ್‌ನಲ್ಲಿ 1774ರಲ್ಲಿ ತವರ ಹುಡುಕುತ್ತಿದ್ದ ಕೂಲಿಗಳಿಗೆ ಬೆಳ್ಳಿಯ ನಿಧಿ ಸಿಕ್ಕಿತ್ತು. ಅದರಲ್ಲಿದ್ದ ನಾಣ್ಯಗಳ ಲೆಕ್ಕದಲ್ಲಿ ಅದನ್ನು ಹೂತಿಟ್ಟದ್ದು 868ರ ಸುಮಾರಿಗೆ. ವೈಕಿಂಗರ ದೊಡ್ಡ ಸೈನ್ಯ ದೇಶದೊಳಗೆ ನುಗ್ಗಿದ್ದ ಕಾಲ. ಹೂತಿಟ್ಟವರು ತೆಗೆಯಲು ವಾಪಸ್ಸು ಬರಲಿಲ್ಲ. ಈ ಶೈಲಿಯ ಪ್ರಾಣಿಗಳು ಹಳೆಯವುಗಳ ಹಾಗೆ ತುಂಡಾಗಿಲ್ಲ. ಪುಟ್ಟ ಮರಿಗಳ ಥರ ಇವೆ. ಒಂದೊಂದು ಸಣ್ಣ ಚೌಕಟ್ಟಿನೊಳಗೆ ಒಂದೊಂದು. ಹಿಂದಕ್ಕೆ ತಿರುಗಿ ತನ್ನ ಬಾಲವನ್ನೇ ನೋಡುವುದು, ಒಂದು ಕಾಲು ಎತ್ತುವುದು. ಮೈಮೇಲೆ ಚುಕ್ಕೆಯಂತಹ ಕಚ್ಚು. ಸುತ್ತ ಕಪ್ಪು. ಆ ಕಪ್ಪಿಗೆ ನಿಯೆಲ್ಲೋ ಅನ್ನುತ್ತಾರೆ. ಬೆಳ್ಳಿ ಮತ್ತು ಗಂಧಕ ಸೇರಿದ ಪುಡಿ. ಬೆಳ್ಳಿಯಲ್ಲಿ ತಗ್ಗು ಕೊರೆದು, ಅದರಲ್ಲಿ ಈ ಪುಡಿ ತುಂಬಿ, ಕಾಯಿಸಿ, ಆಮೇಲೆ ಉಜ್ಜಿ ಸಮ ಮಾಡುತ್ತಾರೆ.

ಇಂಥ ಸಾವಿರಕ್ಕೂ ಹೆಚ್ಚು ಸ್ಟ್ರಾಪ್-ಎಂಡುಗಳು ಈಗ ದಾಖಲಾಗಿವೆ. ಹೆಚ್ಚಿನವು ಸಿಕ್ಕಿದ್ದು ವಾರದ ರಜೆಯಲ್ಲಿ ಲೋಹಶೋಧಕ ಹಿಡಿದು, ರೈತರ ಒಪ್ಪಿಗೆ ಪಡೆದು, ಉತ್ತ ಹೊಲಗಳಲ್ಲಿ ನಡೆಯುವ ಸಾಮಾನ್ಯ ಜನಕ್ಕೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1997ರಲ್ಲಿ ಒಂದು ಒಳ್ಳೆಯ ಯೋಜನೆ ಶುರು ಮಾಡಿದರು. ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಅಂತ. ಮಣ್ಣಲ್ಲಿ ಏನು ಸಿಕ್ಕರೂ ತಂದು ತೋರಿಸಿ, ನಾವು ಬರೆದುಕೊಂಡು ವಾಪಸ್ಸು ಕೊಡುತ್ತೇವೆ ಅನ್ನುವುದು ಅದರ ಕ್ರಮ. ಬೆಲೆಬಾಳುವ ನಿಧಿಗೆ ಬೇರೆ ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯದಾಗಿ, ನೂರಕ್ಕೆ ಹತ್ತು ಪಾಲಾದರೂ ಚಿನ್ನ ಬೆಳ್ಳಿ ಇದ್ದರೆ ಕಡ್ಡಾಯವಾಗಿ ತಿಳಿಸಬೇಕು. ಉಳಿದ ತಾಮ್ರದ ಚೂರುಪಾರನ್ನು ಜನ ತಾವಾಗಿಯೇ ತಂದು ತೋರಿಸುತ್ತಾರೆ. ಯಾವ ಹೊಲ, ಯಾವ ಮೂಲೆ ಅನ್ನುವುದೂ ಬರೆದಿಡುತ್ತಾರೆ. ಇದೇ ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಜಾಗ ಬರೆಯದೆ ಮಾರಿಬಿಟ್ಟ ವಸ್ತು ಎಷ್ಟೇ ಅಂದವಾಗಿದ್ದರೂ ಅರ್ಧ ಮೂಗ.

ಈ ಯೋಜನೆಯ ಜಾಲತಾಣ ನನ್ನ ಎಷ್ಟೋ ರಾತ್ರಿಗಳನ್ನು ತಿಂದಿದೆ. ಯಾಕೆಂದರೆ ಅಲ್ಲಿನ ಹೆಚ್ಚಿನ ಫೋಟೋಗಳಲ್ಲಿ ವಸ್ತುವಿನ ಮುಂಬದಿಯ ಪಕ್ಕದಲ್ಲೇ ಹಿಂಬದಿಯನ್ನೂ ತೋರಿಸಿರುತ್ತಾರೆ! ಸ್ಟ್ರಾಪ್-ಎಂಡಿನ ಬೆನ್ನು ಸಾಮಾನ್ಯವಾಗಿ ಸಪಾಟು. ಏನೂ ಇರುವುದಿಲ್ಲ. ಆದರೂ ನೋಡುತ್ತೇನೆ. ಒಂದರಲ್ಲಿ ರಿವೆಟ್ ಇನ್ನೂ ಕೂತಿದೆ. ಇನ್ನೊಂದರಲ್ಲಿ ರಿವೆಟ್ಟಿನ ತೂತೇ ಹರಿದಿದೆ, ಎಳೆದ ರಭಸಕ್ಕೆ. ಮತ್ತೊಂದರಲ್ಲಿ ಪ್ರಾಣಿಯ ಮೂಗು ಸವೆದು ನುಣ್ಣಗಾಗಿದೆ. ಬಹಳ ಕಾಲ ಬಳಸಿರಬೇಕು.

ಸಣ್ಣ ಕೊಕ್ಕೆಗಳೂ ಇವೆ. ತ್ರಿಕೋನದ್ದೋ ದುಂಡಗಿನದ್ದೋ ಬಿಲ್ಲೆ, ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ಕಡೆ ಹೊಲಿಯಲು ಎರಡು ತೂತು. ವಿಂಚೆಸ್ಟರಿನ ಒಂದು ಸಮಾಧಿಯಲ್ಲಿ ಇಂಥ ಬೆಳ್ಳಿಯ ಜೋಡಿ ಮೊಣಕಾಲಿನ ಹತ್ತಿರ ಸಿಕ್ಕಿದೆ. ಕಾಲುಪಟ್ಟಿ ಬಿಗಿಯಲು ಬಳಸಿದ್ದಿರಬೇಕು.

ಫುಲರ್ ಬ್ರೋಚಿನ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. 9ನೇ ಶತಮಾನದ ಕೊನೆಯದ್ದು. ಅಂಗೈ ತುಂಬುವ ಬೆಳ್ಳಿಯ ಬಿಲ್ಲೆ, 11.4 ಸೆಂಟಿಮೀಟರ್. ಐದು ಇಂದ್ರಿಯಗಳನ್ನು ಐವರು ಮನುಷ್ಯರಾಗಿ ಕೊರೆದಿದ್ದಾರೆ. ಒಬ್ಬ ಬಾಯಿಗೆ ಕೈ ಇಟ್ಟಿದ್ದಾನೆ, ಒಬ್ಬ ಕಿವಿಗೆ, ಒಬ್ಬ ಗಿಡಗಳ ನಡುವೆ ವಾಸನೆ ನೋಡುತ್ತಿದ್ದಾನೆ, ಒಬ್ಬ ಎರಡು ಕೈ ಉಜ್ಜುತ್ತಿದ್ದಾನೆ. ನಡುವೆ ದೊಡ್ಡದಾಗಿ ಕಣ್ಣು ತೆರೆದ ನೋಟ. ಇದು ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ ತಿಳಿದವರೇ ನಕಲಿ ಅಂದುಬಿಟ್ಟರು. ಕ್ಯಾಪ್ಟನ್ ಫುಲರ್ ಅನ್ನುವವರು ಅದನ್ನು ಬರೀ ಬೆಳ್ಳಿಯ ಬೆಲೆಗೆ ಕೊಂಡರು. ಆಮೇಲೆ ಕಪ್ಪು ನಿಯೆಲ್ಲೋವನ್ನು ಪರೀಕ್ಷೆ ಮಾಡಿದಾಗ ಅದು ಹಳೆಯ ಕಾಲದ ಮಿಶ್ರಣವೇ ಅಂತ ತಿಳಿಯಿತು. 1952ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಕೊನೆಗೆ ಆ್ಯಡ್ವೆನ್.

1694ರಲ್ಲಿ ಕೇಂಬ್ರಿಜ್‌ಶೈರಿನ ಐಲ್ ಆಫ್ ಈಲಿಯಲ್ಲಿ, ಸಟನ್ ಅನ್ನುವ ಹಳ್ಳಿಯ ಹತ್ತಿರ ಹೊಲ ಉಳುವಾಗ ಒಂದು ದೊಡ್ಡ ಬೆಳ್ಳಿ ಬ್ರೋಚ್ ಸಿಕ್ಕಿತು. ಆಮೇಲೆ ಅದು ಕಣ್ಮರೆಯಾಯಿತು. 20ನೇ ಶತಮಾನದ ನಡುವೆ ಮತ್ತೆ ಕಾಣಿಸಿಕೊಂಡು 1951ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂತು. 11ನೇ ಶತಮಾನದ ಮೊದಲ ಭಾಗದ್ದು ಅಂತ ಹೇಳುತ್ತಾರೆ. ಮುಂಬದಿಯಲ್ಲಿ ಸ್ಕ್ಯಾಂಡಿನೇವಿಯಾ ಶೈಲಿಯ ಪ್ರಾಣಿಗಳು ಇವೆ. ಕೈ ಅಷ್ಟು ಪಳಗಿಲ್ಲ. ಗೆರೆ ಅಲ್ಲಲ್ಲಿ ನಡುಗಿದೆ. ಫುಲರ್ ಬ್ರೋಚಿನ ಪಕ್ಕದಲ್ಲಿಟ್ಟರೆ ಇದು ಹಳ್ಳಿಯ ಕೆಲಸ ಅನಿಸುತ್ತದೆ. ವಿದ್ವಾಂಸರೂ ಈ ಕೆಲಸವನ್ನು ಹೊಗಳುವುದಿಲ್ಲ.

ತಿರುಗಿಸಿದರೆ ಬೆನ್ನಿನ ಅಂಚಿನುದ್ದಕ್ಕೂ ಅಕ್ಷರ. ಬ್ರೋಚೇ ಮಾತಾಡುತ್ತದೆ:

ಆ್ಯಡ್ವೆನ್ ನನ್ನ ಒಡತಿ, ಅವಳಿಗೆ ದೇವರು ಒಡೆಯನಾಗಲಿ.
ಅವಳಿಂದ ನನ್ನ ಕಸಿದವನಿಗೆ ದೇವರ ಶಾಪ ತಟ್ಟಲಿ,
ತನ್ನ ಮನಸ್ಸಿಂದ ಅವಳೇ ನನ್ನ ಕೊಟ್ಟರೆ ಹೊರತು.

ಮೂಲದಲ್ಲಿ ಇದು ಪ್ರಾಸ ಇರುವ ಪದ್ಯ. ಕನ್ನಡದವರಿಗೆ ಇಂಥ ಶಾಪ ಹೊಸದಲ್ಲ. ಅದೇ ಕಾಲದ ನಮ್ಮ ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಅಂತ ಬರೆದಿರುತ್ತದೆ. ಆದರೆ ಅಲ್ಲಿ ಮಾತು ಭೂಮಿಯದ್ದು, ಬರೆಸಿದವರು ಅರಸರು, ಗಾವುಂಡರು. ಇಲ್ಲಿ ಒಬ್ಬ ಹೆಂಗಸಿನ ಒಂದು ಒಡವೆ.

'ತನ್ನ ಮನಸ್ಸಿಂದ ಅವಳೇ ಕೊಟ್ಟರೆ ಹೊರತು.' ನಾನು ಈ ಸಾಲಿನ ಹತ್ತಿರ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಗಂಡ ಕೊಟ್ಟರೆ ಅಂತಿಲ್ಲ. ಅಣ್ಣ ತಮ್ಮ ಒಪ್ಪಿದರೆ ಅಂತಿಲ್ಲ. ಅವಳ ಮನಸ್ಸು ಇರಬೇಕು. ಒಡವೆ ಅವಳದ್ದು, ಕೊಡುವ ಬಿಡುವ ಹಕ್ಕೂ ಅವಳದ್ದು. ನಮ್ಮ ಮನೆಗಳಲ್ಲಿ ಕಷ್ಟ ಬಂದಾಗಲೆಲ್ಲ ಮೊದಲು ಬಿಚ್ಚಿಕೊಟ್ಟದ್ದು ಹೆಂಗಸರ ಮೈಮೇಲಿನ ಒಡವೆ. ಎಷ್ಟು ಜನ ಮನಸ್ಸಿಂದ ಕೊಟ್ಟರು, ಎಷ್ಟು ಜನ ಬಾಯಿ ಮುಚ್ಚಿಕೊಂಡು ಕೊಟ್ಟರು ಅಂತ ಯಾರೂ ಬರೆದಿಡಲಿಲ್ಲ. ಆ್ಯಡ್ವೆನ್ ಬರೆಸಿದಳು. ಎದೆಗೆ ತಾಗುವ ಬದಿಯಲ್ಲಿ, ಬೇಕೆಂದಾಗ ಬಿಚ್ಚಿ ತಿರುಗಿಸಿ ಓದಲು ಆಗುವ ಹಾಗೆ.

ಆ ಬೆನ್ನಿನ ಮೇಲೆ ಇನ್ನೂ ಒಂದು ವಸ್ತು ಇದೆ. ಪಿನ್ನಿನ ಕಡೆಗೆ ರಿವೆಟ್ ಹೊಡೆದು ಕೂರಿಸಿದ ಒಂದು ಬೆಳ್ಳಿ ಪಟ್ಟಿ. ಅದರ ಮೇಲೆ ರೂನಿನಂತೆ ಕಾಣುವ ಕೆಲವು ಗುರುತುಗಳು. ಸುತ್ತಲಿನ ಶಾಪವನ್ನು ಓದಿ ಅರ್ಥ ಹೇಳಿದವರು ಯಾರೂ ಆ ಪಟ್ಟಿಯನ್ನು ಇನ್ನೂ ಓದಿಲ್ಲ.